ಮಾದರಿ ರೋಲರ್ ಕೋಸ್ಟರ್: ಸ್ಪರ್ಧೆಯ ನಿಯಮಗಳೂ ತೀರ್ಪೂ

ಗೋಲಿಯೊಂದನ್ನು ಇಳಿಜಾರಿನ ಮೇಲಿಟ್ಟರೆ ಅದು ಉರುಳುತ್ತದೆ. ಇದನ್ನು ತಿಳಿಯಲು ಯಾವ ಶಾಸ್ತ್ರಗ್ರಂಥವೂ ಬೇಕಿಲ್ಲ. ಆದರೆ ಅದೇ ಗೋಲಿಯು ಒಂದು ಮೀಟರ್ ಎತ್ತರದಿಂದ ಹೊರಟು, ಏರುತ್ತ ಇಳಿಯುತ್ತ, ಒಮ್ಮೆ ತಲೆಕೆಳಗಾಗಿ ಸುತ್ತಿ ಬಂದು, ಸರಿಯಾಗಿ ೩೦ನೆಯ ಸೆಕೆಂಡಿಗೆ ಕೆಳಗಿನ ಬಟ್ಟಲನ್ನು ಸೇರಬೇಕೆಂದು ಯಾರಾದರೂ ಪಣವೊಡ್ಡಿದರೆ? ಆಗ ಬಾಲಕರ ಆಟವು ಭೌತವಿಜ್ಞಾನದ ಪರೀಕ್ಷೆಯಾಗಿ ಮಾರ್ಪಡುತ್ತದೆ.

ಇಂಥ ಪಣವನ್ನೊಡ್ಡುವ ಸ್ಪರ್ಧೆಗಳು ಅಮೆರಿಕದ ಶಾಲೆಗಳಲ್ಲಿ ಬಹಳ ಜನಪ್ರಿಯವಾಗಿವೆ. ಅಲ್ಲಿಯ ‘ಸೈನ್ಸ್ ಒಲಿಂಪಿಯಾಡ್’ ಎಂಬ ಪಂದ್ಯಾವಳಿಯಲ್ಲಿ, ಆರರಿಂದ ಒಂಬತ್ತನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗಾಗಿ ೨೦೧೮ ಮತ್ತು ೨೦೧೯ರಲ್ಲಿ ರೋಲರ್ ಕೋಸ್ಟರ್ ರಚನೆಯೂ ಒಂದು ವಿಭಾಗವಾಗಿತ್ತು. ಅದರ ತಿರುಳು ಎರಡೇ ಮಾತುಗಳಲ್ಲಿ ಅಡಗಿದೆ: ಜಾಡಿನ ಮೇಲೆ ಓಡುವ ವಸ್ತುವಿಗೆ ಗುರುತ್ವಾಕರ್ಷಣೆಯೊಂದೇ ಚಾಲಕ, ಗೊತ್ತುಪಡಿಸಿದ ಗುರಿಕಾಲಕ್ಕೆ ಆದಷ್ಟು ಸಮೀಪದಲ್ಲಿ ಅದು ಓಟವನ್ನು ಮುಗಿಸಬೇಕು. ಅತಿ ವೇಗಕ್ಕೂ ಬಹುಮಾನವಿಲ್ಲ, ಅತಿ ನಿಧಾನಕ್ಕೂ ಇಲ್ಲ. ಹೀಗೇಕೆ? ತೀರ್ಪುಗಾರರು ಅಳೆಯಬೇಕಾದದ್ದಾದರೂ ಏನನ್ನು? ಇದನ್ನು ವಿಚಾರಿಸಿದರೆ, ಒಳ್ಳೆಯ ನಿಯಮವೊಂದನ್ನು ಬರೆಯುವುದು ಒಳ್ಳೆಯ ಮಾದರಿಯೊಂದನ್ನು ಕಟ್ಟುವಷ್ಟೇ ಕಠಿಣವೆಂಬುದು ಮನವರಿಕೆಯಾಗುತ್ತದೆ.

ಶಕ್ತಿಯ ಜಮಾ-ಖರ್ಚು

ನಿಜವಾದ ರೋಲರ್ ಕೋಸ್ಟರಿನಿಂದಲೇ ಆರಂಭಿಸೋಣ. ೧೮೮೪ರಲ್ಲಿ ಲಾಮಾರ್ಕಸ್ ಥಾಮ್ಸನ್ ಎಂಬಾತನು ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ಕಡಲತೀರದಲ್ಲಿ ‘ಸ್ವಿಚ್‌ಬ್ಯಾಕ್ ರೈಲ್ವೆ’ಯನ್ನು ತೆರೆದನು. ಐದು ಸೆಂಟ್ ತೆತ್ತವರು ಗೋಪುರವನ್ನೇರಿ ಬಂಡಿಯಲ್ಲಿ ಕುಳಿತರೆ, ಅದು ಅಲೆಯಾಕಾರದ ಹಳಿಗಳ ಮೇಲೆ ಗಂಟೆಗೆ ಸುಮಾರು ಹತ್ತು ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿತ್ತು. ಬಂಡಿಗೆ ಎಂಜಿನ್ ಇರಲಿಲ್ಲ. ಈಗಲೂ ಬಹುಪಾಲು ರೋಲರ್ ಕೋಸ್ಟರುಗಳ ಬಂಡಿಗಳಿಗೆ ಎಂಜಿನ್ ಇರುವುದಿಲ್ಲ. ಸರಪಳಿಯೊಂದು ಅವುಗಳನ್ನು ಮೊದಲ ದಿಬ್ಬದ ನೆತ್ತಿಗೆ ಎಳೆದು ಬಿಡುತ್ತದೆ. ಮುಂದಿನದೆಲ್ಲ ಗುರುತ್ವದ ಕೆಲಸ.

ನೆತ್ತಿಯಲ್ಲಿ ನಿಂತ ವಸ್ತುವಿನಲ್ಲಿ ಅದರ ಎತ್ತರದ ಕಾರಣದಿಂದ ಸ್ಥಾನಶಕ್ತಿಯು ಸಂಗ್ರಹವಾಗಿರುತ್ತದೆ. ಇದೇ ಅದರ ಮೂಲಧನ. ಇಳಿಯುವಾಗ ಇದು ಚಲನಶಕ್ತಿಯಾಗುತ್ತದೆ, ಏರುವಾಗ ಮತ್ತೆ ಸ್ಥಾನಶಕ್ತಿಯಾಗುತ್ತದೆ. ಈ ವಿನಿಮಯದ ಪ್ರತಿ ಹೆಜ್ಜೆಯಲ್ಲಿಯೂ ಘರ್ಷಣೆಯು ತನ್ನ ಸುಂಕವನ್ನು ವಸೂಲುಮಾಡುತ್ತದೆ. ಆದುದರಿಂದಲೇ ಮುಂದಿನ ಯಾವ ದಿಬ್ಬವೂ ಮೊದಲನೆಯದರಷ್ಟು ಎತ್ತರವಾಗಿರುವಂತಿಲ್ಲ.

ಮಾದರಿಯ ಜಾಡಿನ ಮೇಲೆ ಉರುಳುವ ಗುಂಡಿನ ವಿಷಯದಲ್ಲಿ ಇನ್ನೊಂದು ವೆಚ್ಚವಿದೆ. ಘರ್ಷಣೆಯೇ ಇಲ್ಲದೆ ಜಾರುವ ವಸ್ತು ಒಂದು ಮೀಟರ್ ಇಳಿದಾಗ ಅದರ ವೇಗ ಸೆಕೆಂಡಿಗೆ ೪.೪ ಮೀಟರ್ ಆಗುತ್ತದೆ. ಉರುಳುವ ಘನಗುಂಡಿನ ವೇಗವಾದರೋ ೩.೭ ಮೀಟರನ್ನು ದಾಟುವುದಿಲ್ಲ. ಉಳಿದ ಶಕ್ತಿ ಎಲ್ಲಿ ಹೋಯಿತು? ಗುಂಡು ಮುಂದಕ್ಕೆ ಸಾಗುವುದಲ್ಲದೆ ತನ್ನ ಸುತ್ತಲೂ ತಿರುಗುತ್ತದೆಯಷ್ಟೆ. ಒಟ್ಟು ಚಲನಶಕ್ತಿಯ ಏಳರಲ್ಲಿ ಎರಡು ಪಾಲು ಈ ತಿರುಗಾಟಕ್ಕೇ ಮೀಸಲು. ಗುಂಡಿನ ಒಳಗು ಟೊಳ್ಳಾಗಿದ್ದರೆ ಈ ಪಾಲು ಇನ್ನೂ ಹೆಚ್ಚು, ವೇಗ ಇನ್ನೂ ಕಡಿಮೆ. ಗುಂಡು ಉಕ್ಕಿನದೋ ಗಾಜಿನದೋ ಎಂಬುದರಿಂದ ಮಾತ್ರ ಈ ಲೆಕ್ಕದಲ್ಲಿ ವ್ಯತ್ಯಾಸವಾಗುವುದಿಲ್ಲ.

ವೇಗಕ್ಕೇಕೆ ಬಹುಮಾನವಿಲ್ಲ?

‘ಎಲ್ಲರಿಗಿಂತ ಬೇಗ ಕೆಳಗೆ ತಲಪಿದ ಗುಂಡಿಗೆ ಬಹುಮಾನ’ ಎಂದು ನಿಯಮ ಬರೆದೆವೆಂದಿಟ್ಟುಕೊಳ್ಳೋಣ. ಜಾಣ ವಿದ್ಯಾರ್ಥಿಯು ದಿಬ್ಬಗಳನ್ನೂ ತಿರುವುಗಳನ್ನೂ ಕಟ್ಟುವ ಗೋಜಿಗೇ ಹೋಗನು. ಕಡಿದಾದ ಒಂದು ಇಳಿಜಾರನ್ನು ನಿಲ್ಲಿಸಿ ಗೆದ್ದುಬಿಡುತ್ತಾನೆ. ಇಳಿಯುವ ವಸ್ತುವಿಗೆ ಅತಿಶೀಘ್ರವಾದ ಹಾದಿ ಯಾವುದೆಂಬ ಪ್ರಶ್ನೆಯಂತೂ ಬಹು ಹಿಂದೆಯೇ ಸ್ಪರ್ಧೆಗೆ ಬಂದು ಬಗೆಹರಿದಿದೆ. ೧೬೯೬ರಲ್ಲಿ ಯೋಹಾನ್ ಬರ್ನೂಲಿಯು ಯೂರೋಪಿನ ಗಣಿತಜ್ಞರಿಗೆಲ್ಲ ಇದನ್ನು ಸವಾಲಾಗಿ ಒಡ್ಡಿದನು. ನ್ಯೂಟನ್ ಮೊದಲಾದವರು ಅದನ್ನು ಬಿಡಿಸಿ, ಅದು ಸರಳರೇಖೆಯಲ್ಲ, ಉರುಳುವ ಚಕ್ರದ ಅಂಚಿನ ಬಿಂದುವೊಂದು ಬಿಡಿಸುವ ‘ಸೈಕ್ಲಾಯ್ಡ್’ ಎಂಬ ವಕ್ರರೇಖೆಯೆಂದು ತೋರಿಸಿದರು.

ನಿಧಾನಕ್ಕೆ ಬಹುಮಾನವಿಟ್ಟರೂ ಕೆಡುಕೇ. ಜಾಡಿಗೆಲ್ಲ ಉಣ್ಣೆಯ ಬಟ್ಟೆಯನ್ನು ಹಾಸಿ, ಗುಂಡು ಎಲ್ಲಿ ನಿಂತುಹೋದೀತೋ ಎಂದು ಉಸಿರು ಬಿಗಿಹಿಡಿದು ಕುಳಿತುಕೊಳ್ಳುವುದೇ ಸ್ಪರ್ಧೆಯಾದೀತು. ಗುರಿಕಾಲವಾದರೋ ಲೆಕ್ಕಾಚಾರವನ್ನು ಅಪೇಕ್ಷಿಸುತ್ತದೆ. ಹತ್ತು ಮೀಟರ್ ಉದ್ದದ ಜಾಡು ಒಂದೇ ಸಮನಾದ ಇಳಿಜಾರಿನಲ್ಲಿ ಒಂದು ಮೀಟರ್ ಇಳಿದರೆ, ಘರ್ಷಣೆಯನ್ನು ಬಿಟ್ಟ ಲೆಕ್ಕದಲ್ಲಿ ಗುಂಡು ಐದೂಕಾಲು ಸೆಕೆಂಡು ಮುಗಿದೊಡನೆಯೇ ಕೆಳಗೆ ತಲಪುತ್ತದೆ. ಅದು ೩೦ ಸೆಕೆಂಡು ತೆಗೆದುಕೊಳ್ಳಬೇಕಾದರೆ ಸರಾಸರಿ ವೇಗವು ಸೆಕೆಂಡಿಗೆ ಮೀಟರಿನ ಮೂರರಲ್ಲೊಂದು ಭಾಗವಾಗಿರಬೇಕು. ಈ ವೇಗದಲ್ಲಿ ಉರುಳುವ ಗುಂಡಿನ ಚಲನಶಕ್ತಿ ಎಷ್ಟು ಎತ್ತರಕ್ಕೆ ಸಮಾನವೆಂದು ನೋಡಿದರೆ, ಕೇವಲ ಎಂಟು ಮಿಲಿಮೀಟರಿಗೆ! ಎಂದರೆ, ಕೈಯಲ್ಲಿದ್ದ ಒಂದು ಮೀಟರಿನಲ್ಲಿ ತೊಂಬತ್ತೊಂಬತ್ತು ಸೆಂಟಿಮೀಟರುಗಳಷ್ಟನ್ನು ಹಾದಿಯುದ್ದಕ್ಕೂ ಲೆಕ್ಕವಿಟ್ಟು ಕಳೆಯಬೇಕು. ಇಳಿಜಾರಿನಿಂದ ಗುಂಡು ಗಳಿಸುವಷ್ಟನ್ನು ಘರ್ಷಣೆಯೂ ತಿರುವುಗಳೂ ಕಿತ್ತುಕೊಳ್ಳುತ್ತಿದ್ದರೆ ವೇಗ ಸ್ಥಿರವಾಗಿರುತ್ತದೆ. ಶಕ್ತಿಯನ್ನು ಉಳಿಸುವುದಕ್ಕಿಂತ, ಅದನ್ನು ಹದವರಿತು ವ್ಯಯಿಸುವುದೇ ಇಲ್ಲಿಯ ವಿದ್ಯೆ.

ಎರಡು ಸರಳುಗಳ ನಡುವೆ ಗುಂಡು ಸಾಗುವ ಜಾಡಾದರೆ ಇನ್ನೊಂದು ಉಪಾಯವುಂಟು. ಸರಳುಗಳ ಅಂತರವನ್ನು ಹೆಚ್ಚಿಸಿದಂತೆ ಗುಂಡು ಅವುಗಳ ನಡುವೆ ಕೆಳಗಿಳಿದು, ಅಷ್ಟೇ ದೂರ ಸಾಗಲು ಹೆಚ್ಚು ಬಾರಿ ತಿರುಗಬೇಕಾಗುತ್ತದೆ. ತಿರುಗಾಟದ ಪಾಲು ಬೆಳೆದು ಮುನ್ನಡೆ ತಾನಾಗಿಯೇ ನಿಧಾನವಾಗುತ್ತದೆ.

ತಲೆಕೆಳಗಾದ ಸುತ್ತು

‘ಲೂಪ್’ ಎಂದು ಕರೆಯುವ, ಬಳೆಯಂತೆ ನೆಟ್ಟಗೆ ನಿಂತ ಸುತ್ತು ಇದ್ದರೆ ನೋಟಕರಿಗೆ ಆನಂದ, ಕಟ್ಟುವವರಿಗೆ ಸಂಕಟ. ಸುತ್ತಿನ ನೆತ್ತಿಯಲ್ಲಿ ಗುಂಡು ಜಾಡನ್ನು ಬಿಟ್ಟು ಬೀಳದಿರಬೇಕಾದರೆ ಅದಕ್ಕೆ ಸಾಕಷ್ಟು ವೇಗವಿರಬೇಕು. ಜಾರುವ ವಸ್ತುವಾದರೆ ಸುತ್ತಿನ ತ್ರಿಜ್ಯದ ಎರಡೂವರೆಯಷ್ಟು ಎತ್ತರದಿಂದ ಹೊರಡಬೇಕು. ಉರುಳುವ ಚಿಕ್ಕ ಗುಂಡಾದರೆ ೨.೭ರಷ್ಟು. ಹತ್ತು ಸೆಂಟಿಮೀಟರ್ ತ್ರಿಜ್ಯದ ಸುತ್ತಿಗೆ ಕನಿಷ್ಠಪಕ್ಷ ೨೭ ಸೆಂಟಿಮೀಟರ್ ಎತ್ತರ ಬೇಕೆಂದಾಯಿತು. ಇದು ಘರ್ಷಣೆಯಿಲ್ಲದ ಲೆಕ್ಕ. ನಿಜವಾದ ಜಾಡಿನಲ್ಲಿ ಇನ್ನೂ ಹೆಚ್ಚು ಬೇಕು. ಅಷ್ಟೇ ಎತ್ತರದಿಂದ ಇಳಿದ ಗುಂಡು ಸುತ್ತಿನ ಬುಡವನ್ನು ಹೊಕ್ಕಾಗ ತನ್ನ ತೂಕದ ಸುಮಾರು ಐದರಷ್ಟು ಬಲದಿಂದ ಜಾಡನ್ನು ಒತ್ತುತ್ತದೆ. ರಟ್ಟಿನ ಜಾಡು ಅಲ್ಲಿ ಬಾಗಿದರೆ ಶಕ್ತಿ ಸೋರಿಹೋಗಿ, ಗುಂಡು ನೆತ್ತಿಯನ್ನು ತಲಪದೆ ಕೆಳಕ್ಕೆ ಬೀಳುತ್ತದೆ.

ಇದೇ ಒತ್ತಡವು ಮನುಷ್ಯರನ್ನೂ ಪೀಡಿಸಿದ್ದುಂಟು. ೧೮೯೫ರಲ್ಲಿ ಕೋನಿ ಐಲೆಂಡಿನಲ್ಲಿ ತೆರೆದ ‘ಫ್ಲಿಪ್ ಫ್ಲ್ಯಾಪ್ ರೈಲ್ವೆ’ಯಲ್ಲಿ ಸುತ್ತು ಶುದ್ಧ ವೃತ್ತಾಕಾರವಾಗಿತ್ತು, ಬಂಡಿ ಅದನ್ನು ಹೊಕ್ಕೊಡನೆ ಪ್ರಯಾಣಿಕರ ಕತ್ತು ಉಳುಕುತ್ತಿತ್ತು. ೧೯೭೬ರಲ್ಲಿ ಕ್ಯಾಲಿಫೋರ್ನಿಯದ ಮ್ಯಾಜಿಕ್ ಮೌಂಟನ್ ಉದ್ಯಾನದಲ್ಲಿ ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ರೂಪಿಸಿದ ಸುತ್ತು ಬೇರೆ ತೆರನಾದುದು. ಬುಡದಲ್ಲಿ ಬಾಗು ಮೆಲ್ಲಗೆ ಆರಂಭವಾಗಿ ನೆತ್ತಿಯ ಕಡೆಗೆ ಬಿಗಿಯಾಗುವ, ನೀರಿನ ಹನಿಯಂಥ ಆಕಾರ ಅದರದು. ವೇಗ ಹೆಚ್ಚಿರುವಲ್ಲಿ ಬಾಗು ಸಡಿಲ, ವೇಗ ತಗ್ಗಿದಲ್ಲಿ ಬಾಗು ಬಿಗಿ. ಮಾದರಿ ಕಟ್ಟುವ ವಿದ್ಯಾರ್ಥಿಗಳಿಗೂ ಇದೇ ಮಾರ್ಗದರ್ಶಿ.

ಈಗ ಸ್ಪರ್ಧೆಯ ಇಕ್ಕಟ್ಟು ಸ್ಪಷ್ಟವಾಯಿತು. ಸುತ್ತಿಗೆ ವೇಗ ಬೇಕು. ಗುರಿಕಾಲಕ್ಕೆ ನಿಧಾನ ಬೇಕು. ಮೊದಲು ಸುತ್ತು, ಅನಂತರ ಉದ್ದನೆಯ ಮೆಲುನಡೆಯ ಜಾಡು ಎಂಬ ಕ್ರಮವನ್ನು ಕಂಡುಕೊಂಡ ತಂಡವು ಅರ್ಧ ಗೆದ್ದಂತೆಯೇ.

ಗಡಿಯಾರವೂ ನಿಯಮವೂ

ಮಾದರಿ ಸಿದ್ಧವಾಯಿತು. ಇನ್ನು ತೀರ್ಪುಗಾರರ ಸರದಿ. ಓಟ ಎಲ್ಲಿ ಆರಂಭ, ಎಲ್ಲಿ ಮುಕ್ತಾಯ ಎಂಬುದನ್ನು ಮೊದಲೇ ಬರೆದಿಡಬೇಕು. ಬೆರಳಿನಿಂದ ಬಿಟ್ಟರೆ ತಿಳಿಯದೆಯೇ ತಳ್ಳಿದಂತಾದೀತು. ಆದಕಾರಣ ತಡೆಪಟ್ಟಿಯೊಂದನ್ನು ಎತ್ತಿ ಗುಂಡನ್ನು ಬಿಡುವುದು ಲೇಸು. ಪಟ್ಟಿ ಮೇಲೆದ್ದ ಕ್ಷಣ ಆರಂಭ, ಗುಂಡು ಬಟ್ಟಲನ್ನು ಮುಟ್ಟಿದ ಕ್ಷಣ ಮುಕ್ತಾಯ. ನಡುವೆ ಯಾರಾದರೂ ಗುಂಡನ್ನು ಮುಟ್ಟಿದರೆ ಆ ಓಟದ ಕಾಲವನ್ನು ಪರಿಗಣಿಸುವಂತಿಲ್ಲ.

ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು ಸೆಕೆಂಡಿನ ಐದರಲ್ಲೊಂದು ಭಾಗ ಹಿಡಿಯುತ್ತದೆ. ಮೂವರು ಸ್ಟಾಪ್ ವಾಚ್ ಹಿಡಿದು ನಿಂತು, ಮೂರು ಅಳತೆಗಳಲ್ಲಿ ನಡುವಿನದನ್ನು ಸ್ವೀಕರಿಸಿದರೆ ಒಬ್ಬನ ಕೈತಪ್ಪು ಒಂದು ತಂಡವನ್ನು ಕೆಡಿಸಲಾರದು. ಬೆಳಕಿನ ಕಿರಣಕ್ಕೆ ಗುಂಡು ಅಡ್ಡಬಂದೊಡನೆ ತಾನೇ ಓಡುವ, ತಾನೇ ನಿಲ್ಲುವ ವಿದ್ಯುತ್ ಗಡಿಯಾರವಿದ್ದರೆ ಇನ್ನೂ ಉತ್ತಮ.

ಇಷ್ಟಾದರೂ ಅನ್ಯಾಯವು ನುಸುಳಲು ಒಂದು ಬಿರುಕು ಉಳಿದೇ ಇರುತ್ತದೆ. ಗುರಿಕಾಲ ೩೦ ಸೆಕೆಂಡು, ಪ್ರತಿ ತಂಡಕ್ಕೂ ಎರಡು ಓಟ ಎಂದಿರಲಿ. ಮೊದಲನೆಯ ತಂಡದ ಗುಂಡು ಒಮ್ಮೆ ೨೭, ಇನ್ನೊಮ್ಮೆ ೩೩ ಸೆಕೆಂಡು ತೆಗೆದುಕೊಂಡಿತು. ಎರಡನೆಯ ತಂಡದ ಗುಂಡು ಎರಡು ಸಲವೂ ೩೨ ಸೆಕೆಂಡು ತೆಗೆದುಕೊಂಡಿತು. ಗೆದ್ದವರಾರು? ಎರಡು ಓಟಗಳ ಸರಾಸರಿಯನ್ನು ಹಿಡಿದರೆ ಮೊದಲನೆಯ ತಂಡದ್ದು ಸರಿಯಾಗಿ ೩೦; ಅದು ನಿಷ್ಕಳಂಕ ವಿಜಯ. ಪ್ರತಿ ಓಟದ ತಪ್ಪನ್ನು ಬೇರೆ ಬೇರೆ ಎಣಿಸಿ ಕೂಡಿದರೆ ಮೊದಲನೆಯದರ ತಪ್ಪು ಆರು ಸೆಕೆಂಡು, ಎರಡನೆಯದರದು ನಾಲ್ಕೇ. ಎರಡನೆಯ ತಂಡ ಗೆದ್ದಿತು. ಉತ್ತಮವಾದ ಒಂದೇ ಓಟವನ್ನು ಎಣಿಸಿದರೂ ಗೆಲುವು ಎರಡನೆಯದಕ್ಕೇ. ಆದರೆ ಮೊದಲನೆಯ ತಂಡದ ಮತ್ತೊಂದು ಓಟ ಅದೃಷ್ಟವಶಾತ್ ೩೦ಕ್ಕೆ ಮುಗಿದಿದ್ದರೆ ತೀರ್ಪು ತಲೆಕೆಳಗಾಗುತ್ತಿತ್ತು.

ಗುಂಡುಗಳು ಓಡಿದ್ದು ಒಂದೇ ರೀತಿ. ತೀರ್ಪು ಬದಲಾದದ್ದು ನಿಯಮದ ಒಂದು ವಾಕ್ಯದಿಂದ! ನಮ್ಮ ಅಭಿಪ್ರಾಯದಲ್ಲಿ ತಪ್ಪುಗಳನ್ನು ಬೇರೆ ಬೇರೆ ಎಣಿಸುವ ನಿಯಮವೇ ನ್ಯಾಯವಾದುದು. ಮೊದಲನೆಯ ತಂಡದ ಎರಡು ತಪ್ಪುಗಳು ಒಂದನ್ನೊಂದು ಅಳಿಸಿಹಾಕಿದ್ದು ಆಕಸ್ಮಿಕ. ಎರಡನೆಯ ತಂಡದ ಜಾಡು ಹೇಳಿದ್ದನ್ನೇ ಮತ್ತೆ ಹೇಳುತ್ತದೆ. ಅದರ ದೋಷವೂ ನಂಬಲರ್ಹವಾದುದು. ಎರಡು ಸೆಕೆಂಡು ತಗ್ಗಿಸಲು ಏನು ಮಾಡಬೇಕೆಂದು ಯೋಚಿಸಲು ಸಾಧ್ಯವಿದೆ. ಯಾವ ಪ್ರಯೋಗಾಲಯದಲ್ಲಾದರೂ ಪುನರಾವರ್ತನೆಯೇ ನಂಬಿಕೆಯ ತಳಹದಿ.

ನಡುವೆ ಹಾರಿಬಿದ್ದ ಗುಂಡಿಗೆ ಸೊನ್ನೆ ಕೊಡುವುದೂ ಸರಿಯಲ್ಲ. ಹಾಗೆ ಮಾಡಿದರೆ ಮುಂದಿನ ವರ್ಷ ಯಾರೂ ಸುತ್ತನ್ನು ಕಟ್ಟುವ ಸಾಹಸಕ್ಕೆ ಕೈಹಾಕರು. ದಿಬ್ಬ, ತಿರುವು, ಸುತ್ತು ಇವುಗಳಿಗೆ ಮೊದಲೇ ಅಂಕಗಳನ್ನು ಗೊತ್ತುಪಡಿಸಿ, ದಾಟಿದಷ್ಟಕ್ಕೆ ಅಂಕ ಕೊಟ್ಟರೆ ಸಾಹಸಕ್ಕೂ ಮಾನ್ಯತೆ ದೊರೆಯುತ್ತದೆ.

ಕಟ್ಟಿದವರು ಯಾರು?

ಕೊನೆಯ ಪ್ರಶ್ನೆ ಅತ್ಯಂತ ಸೂಕ್ಷ್ಮವಾದುದು. ಅಂದವಾದ ಮಾದರಿಯನ್ನು ಕಂಡಾಗ, ಇದನ್ನು ವಿದ್ಯಾರ್ಥಿ ಕಟ್ಟಿದನೋ ಅವನ ತಂದೆ ಕಟ್ಟಿದರೋ ಎಂಬ ಸಂದೇಹ ಬರುವುದು ಸಹಜ. ಸಾಮಗ್ರಿಯ ವೆಚ್ಚಕ್ಕೆ ಮಿತಿ ಹಾಕಿದರೆ ಹಣದ ಮೇಲುಗೈ ತಪ್ಪುತ್ತದೆ. ರಟ್ಟು, ಕಾಗದ, ಅಂಟುಪಟ್ಟಿ, ಉದ್ದಕ್ಕೆ ಸೀಳಿದ ಮೆತ್ತನೆಯ ಕೊಳವೆ ಇಷ್ಟರಿಂದಲೇ ಒಳ್ಳೆಯ ಜಾಡು ಸಿದ್ಧವಾಗುತ್ತದೆ. ಆದರೆ ಹಿರಿಯರ ಕೈವಾಡವನ್ನು ಕಂಡುಹಿಡಿಯಲು ಯಾವ ಅಳತೆಗೋಲೂ ಇಲ್ಲ. ಅದಕ್ಕೆ ಇರುವ ಉಪಾಯವೆಂದರೆ ವಿದ್ಯಾರ್ಥಿಯ ದಿನಚರಿ ಪುಸ್ತಕವೂ ಅವನೊಡನೆ ಐದು ನಿಮಿಷದ ಸಂಭಾಷಣೆಯೂ.

ಪುಸ್ತಕದಲ್ಲಿ ಸೋತ ಪ್ರಯತ್ನಗಳ ದಾಖಲೆ ಇರಲಿ. ‘ಇಷ್ಟು ಎತ್ತರದಿಂದ ಬಿಟ್ಟೆವು, ಸುತ್ತಿನಲ್ಲಿ ಬಿದ್ದಿತು, ಎರಡು ಸೆಂಟಿಮೀಟರ್ ಏರಿಸಿದೆವು’ ಎಂಬ ಒಂದು ಸಾಲು ಚಿತ್ತಾರದ ಹತ್ತು ಪುಟಗಳಿಗಿಂತ ಬೆಲೆಯುಳ್ಳದ್ದು. ಸಂಭಾಷಣೆಯಲ್ಲಿ ತೀರ್ಪುಗಾರನು ಸರಳವಾದ ಪ್ರಶ್ನೆಗಳನ್ನು ಕೇಳಲಿ: ಈ ಗುಂಡಿನ ಬದಲು ಇಷ್ಟೇ ಗಾತ್ರದ ಟೊಳ್ಳು ಗುಂಡನ್ನು ಬಿಟ್ಟರೆ ಏನಾದೀತು? ಸುತ್ತನ್ನು ಕೊನೆಯಲ್ಲಿ ಇಡದೆ ಮೊದಲಿಗೇ ಇಟ್ಟದ್ದೇಕೆ? ಸ್ವತಃ ಕಟ್ಟಿದವನು ತಡವರಿಸಿಯಾದರೂ ಉತ್ತರಿಸುತ್ತಾನೆ. ಕಟ್ಟಿಸಿಕೊಂಡವನು ಮಾದರಿಯ ಬಣ್ಣದ ವಿಷಯವನ್ನು ಮಾತನಾಡುತ್ತಾನೆ.

ಒಟ್ಟು ಅಂಕಗಳಲ್ಲಿ ಸುಮಾರು ಅರ್ಧವನ್ನು ಗಡಿಯಾರಕ್ಕೂ, ಕಾಲು ಭಾಗವನ್ನು ದಾಟಿದ ಅಂಗಗಳಿಗೂ, ಉಳಿದ ಕಾಲು ಭಾಗವನ್ನು ದಿನಚರಿಗೂ ಉತ್ತರಗಳಿಗೂ ಮೀಸಲಿಡಬಹುದೆಂದು ನಾವು ಸೂಚಿಸುತ್ತೇವೆ. ಅಂದಚೆಂದಕ್ಕೆ ಬೇರೆಯ ಬಹುಮಾನವೊಂದಿದ್ದರೆ ಸಾಕು.

ಎಷ್ಟೇ ಎಚ್ಚರ ವಹಿಸಿದರೂ ಸ್ಪರ್ಧೆಯ ದಿನ ಯಾವುದೋ ಬಾಲಕಿಯ ಗುಂಡು, ಮನೆಯಲ್ಲಿ ಐವತ್ತು ಸಲ ಓಡಿದ್ದು, ತೇವಕ್ಕೆ ಸಡಿಲಿದ ಕಾಗದದ ಜಾಡಿನ ಮೇಲೆ ನಿಂತುಬಿಡಬಹುದು. ಗಡಿಯಾರವು ಅವಳನ್ನು ಕರುಣೆಯಿಂದ ಕಾಣದು, ಕಾಣಲೂ ಕೂಡದು. ಆದರೆ ಗುಂಡು ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ಅವಳು ಬೆರಳಿಟ್ಟು ತೋರಿಸಬಲ್ಲಳಾದರೆ, ಆ ತಿಳಿವಿಗೆ ಅಂಕ ಕೊಡುವಂತೆ ನಿಯಮವಿರಬೇಕು. ಸ್ಪರ್ಧೆ ಏರ್ಪಟ್ಟದ್ದು ಆ ತಿಳಿವಿಗಾಗಿಯೇ ಅಲ್ಲವೆ?