ಬಾಗಿಲಲ್ಲಿ ಚಪ್ಪಲಿ ಇತ್ತು, ಅಪ್ಪ ಮಾತ್ರ ಇರಲಿಲ್ಲ!

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ನಾನು ಆರನೇ ಕ್ಲಾಸಿನಲ್ಲಿದ್ದಾಗ, ಅಂದರೆ 1998ರಲ್ಲಿ, ಅಪ್ಪನಿಗೆ ಅಲ್ಲೊಂದು ಪುಟ್ಟ ವೆಲ್ಡಿಂಗ್ ಅಂಗಡಿ ಇತ್ತು. ಕರೆಂಟ್ ಬಂದಾಗ ಕೆಲಸ, ಹೋದಾಗ ಹರಟೆ. ಶಾಲೆ ಬಿಟ್ಟ ಮೇಲೆ ನನಗೊಂದು ಕೆಲಸ ಕಾದಿರುತ್ತಿತ್ತು: ಬಾಕಿ ಕೇಳಿಕೊಂಡು ಬರುವುದು. ‘ಮಕ್ಕಳು ಕೇಳಿದರೆ ಯಾರೂ ಬೈಯಲ್ಲ, ಹೋಗಿ ಬಾ ಮಗ’ ಎಂದು ಅಪ್ಪ ಕಳಿಸುತ್ತಿದ್ದರು.

ಒಂದು ಸಂಜೆ ಹಾಗೆ ಹೋದ ಮನೆ ನನ್ನ ಜೊತೆಯಲ್ಲೇ ಓದುತ್ತಿದ್ದ ಗೆಳೆಯನದು. ಅವರ ಹೊಸ ಮನೆಯ ಗೃಹಪ್ರವೇಶಕ್ಕೆಂದು ಅಪ್ಪ ಕಬ್ಬಿಣದ ಗೇಟು ಮಾಡಿಕೊಟ್ಟು ಆರು ತಿಂಗಳಾಗಿತ್ತು. ನಾನು ಅದೇ ಗೇಟನ್ನು ತಳ್ಳಿಕೊಂಡು ಒಳಗೆ ಹೋದೆ. ಗೆಳೆಯ ಓಡಿಬಂದು, ‘ಅಪ್ಪ ಮನೇಲಿ ಇಲ್ಲ ಕಣೋ, ಗುಂಡ್ಲುಪೇಟೆಗೆ ಹೋಗವ್ರೆ’ ಎಂದ. ಅವರಪ್ಪನ ಚಪ್ಪಲಿ ಬಾಗಿಲಲ್ಲೇ ಇತ್ತು. ಒಳಗಿನಿಂದ ಕೆಮ್ಮಿದ ಸದ್ದೂ ಬಂತು. ಅವನು ನೆಲ ನೋಡಿದ, ನಾನು ಗೇಟು ನೋಡಿದೆ. ಮಾರನೆಯ ದಿನ ಕ್ಲಾಸಿನಲ್ಲಿ ಅವನು ಬೇರೆ ಬೆಂಚಿಗೆ ಹೋಗಿ ಕುಳಿತ.

ಮಕ್ಕಳೇ, ಆ ಗೇಟಿನ ಲೆಕ್ಕವನ್ನು ಒಮ್ಮೆ ನೀವೇ ಮಾಡಿ ನೋಡಿ. ಒಪ್ಪಿದ ಬೆಲೆ 4,000 ರೂಪಾಯಿ. ಮುಂಗಡ ಬಂದದ್ದು 1,500. ಕಬ್ಬಿಣಕ್ಕೆ 2,600, ವೆಲ್ಡಿಂಗ್ ಕಡ್ಡಿ, ಕರೆಂಟು, ಬಣ್ಣಕ್ಕೆ 400, ಹೀಗೆ ಅಪ್ಪ ಖರ್ಚು ಮಾಡಿದ್ದು 3,000. ಉಳಿದ 1,000 ಅವರ ಐದು ದಿನದ ಕೂಲಿ. ಬಾಕಿ 2,500 ರೂಪಾಯಿ ಬಾರದಿದ್ದರೆ ಅಪ್ಪ ಕಳೆದುಕೊಳ್ಳುವುದು ಕೂಲಿಯನ್ನಷ್ಟೇ ಅಲ್ಲ. ಕೈಯಿಂದ ಹಾಕಿದ 1,500 ರೂಪಾಯಿಯೂ ಹೋಯಿತು! ಐದು ದಿನ ದುಡಿದು, ಮೇಲೆ ದುಡ್ಡನ್ನೂ ಕೊಟ್ಟಂತೆ. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಅಪ್ಪ ಮುಂದಿನ ಗೇಟಿಗೆ ಕಬ್ಬಿಣ ತರಲು ಗುಂಡ್ಲುಪೇಟೆಯ ಅಂಗಡಿಗೆ ಹೋದರೆ, ಅಲ್ಲಿ ಹಳೆಯ ಬಾಕಿ ಕೇಳಿದರು. ಒಂದು ಮನೆಯವರು ಕೊಡದಿದ್ದರೆ ಇನ್ನೊಂದು ಮನೆಯ ಕೆಲಸವೂ ನಿಲ್ಲುತ್ತದೆ. ಆ ವರ್ಷ ಅಕ್ಕನ ಶಾಲೆಯ ಸಮವಸ್ತ್ರ ಬರಲು ದಸರಾ ರಜೆ ಮುಗಿಯಬೇಕಾಯಿತು.

ಕಣದಲ್ಲೇ ಕೂಲಿ

ನಮ್ಮ ತಾತನಿಗೆ ಈ ಪಾಡು ಇರಲಿಲ್ಲ ಎನ್ನುತ್ತಿದ್ದರು ಅಜ್ಜಿ. ತಾತನದು ತಿದಿ ಊದುವ ಕುಲುಮೆ. ರೈತರು ನೇಗಿಲ ಗುಳ ತಟ್ಟಿಸಲು, ಕುಡುಗೋಲು ಹರಿತ ಮಾಡಿಸಲು ವರ್ಷವಿಡೀ ಬರುತ್ತಿದ್ದರು. ಆಗ ಕಾಸು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲಿ ರಾಶಿಯಾದಾಗ ಮನೆಗೆ ಒಯ್ಯುವ ಮೊದಲೇ ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕರಿಗೆ ಅವರವರ ಪಾಲಿನ ರಾಗಿ, ಜೋಳ ಅಳೆದು ಕೊಡುತ್ತಿದ್ದರು. ಇದಕ್ಕೆ ‘ಆಯ’ ಎಂದು ಹೆಸರು, ಪಡೆಯುವವರು ‘ಆಯಗಾರರು’. ವಿಜಯನಗರದ ಕಾಲದಲ್ಲೂ ಈ ಪದ್ಧತಿ ಇತ್ತು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಹಲವರು ಇದನ್ನು ಕಣ್ಣಾರೆ ಕಂಡಿರುತ್ತಾರೆ.

ಅದೂ ಪೂರ್ತಿ ಚೆನ್ನಾಗಿತ್ತು ಎನ್ನಲಾರೆ. ಮಳೆ ಹೋದರೆ ಆಯವೂ ಇಲ್ಲ. ಕಡಿಮೆ ಅಳೆದರೂ ಎದುರು ಮಾತಾಡಲಾಗದವರು ಇದ್ದರು. ಆದರೆ ಒಂದಂತೂ ನಿಜ, ಕಣ ಎಲ್ಲರ ಕಣ್ಣೆದುರಿಗೇ ಇತ್ತು. ಅಲ್ಲಿ ನಿಂತ ಯಜಮಾನ ‘ಮನೇಲಿ ಇಲ್ಲ’ ಎನ್ನುವಂತಿರಲಿಲ್ಲ.

ಜಗಲಿಯ ಮೇಲೆ ಅಪ್ಪ

ನಾನು ಅಂದು ಅಳುತ್ತಾ ಬಂದು ಚಪ್ಪಲಿಯ ವಿಷಯ ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ. ಅಜ್ಜಿ, ‘ಇನ್ನು ಮೇಲೆ ಕೂಸ ಕಳಿಸಬೇಡ, ನೀನೇ ಹೋಗು’ ಎಂದರು. ಮರುದಿನ ಬೆಳಗ್ಗೆ ಅಪ್ಪ ಹೋಗಿ ಆ ಮನೆಯ ಜಗಲಿಯ ಮೇಲೆ ಕುಳಿತರು. ಕೂಗಾಡಲಿಲ್ಲ. ಕುಡಿಯಲು ನೀರು ಕೇಳಿದರು. ಸ್ವಲ್ಪ ಹೊತ್ತಿಗೆ ಮನೆಯ ಯಜಮಾನರು ಹೊರಗೆ ಬರಲೇಬೇಕಾಯಿತು. ತಲೆ ತಗ್ಗಿಸಿ ಅವರು ಹೇಳಿದ್ದು ಇಷ್ಟು: ಅರಿಶಿನ ಕೊಂಡ ವ್ಯಾಪಾರಿ ಅವರಿಗೂ ದುಡ್ಡು ಕೊಟ್ಟಿರಲಿಲ್ಲ. ಮುಖ ತೋರಿಸಲಾಗದೆ ಒಳಗೆ ಕೂತಿದ್ದರು.

ಅಪ್ಪ ಅಂದ ಮಾತು ನನಗೆ ಇಂದಿಗೂ ನೆನಪಿದೆ. ‘ಅಣ್ಣಾ, ದುಡ್ಡು ಇಲ್ಲ ಅಂದ್ರೆ ದುಡ್ಡು ಇಲ್ಲ ಅನ್ನಿ. ಮನೇಲಿ ಇಲ್ಲ ಅಂತ ಮಗನ ಕೈಲಿ ಹೇಳಿಸಬೇಡಿ.’

ಅಂದೇ ಒಂದು ಚೀಟಿ ಬರೆದರು, ತಿಂಗಳಿಗೆ 500 ರೂಪಾಯಿ, ಕೆಳಗೆ ಅವರ ಸಹಿ. ನಾಲ್ಕು ಕಂತು ಬಂತು. ಐದನೆಯದು ಬರಲೇ ಇಲ್ಲ. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಆ 500 ಇನ್ನೂ ಹಾಗೇ ಇದೆ. ಆದರೆ ಗೆಳೆಯ ಮತ್ತೆ ನನ್ನ ಬೆಂಚಿಗೆ ಬಂದ.

ಚೀಟಿಗೂ ಬೆಲೆಯಿದೆ

ಅಂದಿನಿಂದ ಅಪ್ಪ ಮೂರು ನಿಯಮ ಮಾಡಿಕೊಂಡರು. ಸಾಮಾನಿನ ಪೂರ್ತಿ ದುಡ್ಡು ಮುಂಗಡವಾಗಿ ಬರಬೇಕು. ಒಪ್ಪಿದ ಬೆಲೆ, ಕೊಡುವ ದಿನ ಚೀಟಿಯಲ್ಲಿರಬೇಕು. ಬಾಕಿಯನ್ನು ಗೇಟು ನಿಲ್ಲಿಸಿದ ದಿನವೇ ಕೇಳಬೇಕು, ಹಳೆಯದಾದಷ್ಟೂ ಕೇಳುವವರಿಗೇ ಸಂಕೋಚ.

ಕಾನೂನೂ ಇಂಥವರ ಪರ ಇದೆ. ಮಾಡಿದ ಕೆಲಸದ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬಹುದು. ಆ ಅವಧಿಯೊಳಗೆ ಬಾಕಿದಾರರು ಬಾಕಿ ಒಪ್ಪಿಕೊಂಡು ಬರೆದು ಸಹಿ ಹಾಕಿದರೆ ಅಂದಿನಿಂದ ಲೆಕ್ಕ ಹೊಸದಾಗಿ ಶುರು. ನೋಂದಾಯಿಸಿದ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ 2006ರ ಕಾಯ್ದೆಯ ಪ್ರಕಾರ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಕೋರ್ಟು ಅಲೆಯಲಾಗದವರಿಗೆ ಲೋಕ ಅದಾಲತ್ ಇದೆ. ಅಲ್ಲಿ ಶುಲ್ಕವಿಲ್ಲ, ಇಬ್ಬರೂ ಒಪ್ಪಿದ ರಾಜಿಗೆ ಕೋರ್ಟಿನ ತೀರ್ಪಿನಷ್ಟೇ ಬೆಲೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಬಹುದು.

ಆದರೆ 500 ರೂಪಾಯಿಗಾಗಿ ಯಾರು ಕೋರ್ಟಿಗೆ ಹೋಗುತ್ತಾರೆ? ಟೈಲರಮ್ಮ, ಚಪ್ಪಲಿ ಹೊಲಿಯುವವರು, ಹಾಲಿನವರು, ಹೂವಿನವರು, ಇವರ ಬಾಕಿಯೆಲ್ಲ ಇಂಥ ಸಣ್ಣ ಮೊತ್ತವೇ. ‘ನಾಳೆ ಕೊಟ್ಟರಾಯಿತು’ ಎಂದು ನಾವು ಮರೆಯುತ್ತೇವೆ. ಅವರು ಮರೆಯುವುದಿಲ್ಲ, ಕೇಳಲು ನಾಚುತ್ತಾರೆ ಅಷ್ಟೇ.

ಅಜ್ಜ ಅಜ್ಜಿಯರೇ, ಇವತ್ತು ಮೊಮ್ಮಕ್ಕಳ ಜೊತೆ ಕುಳಿತು ನಿಮ್ಮ ಮನೆಯಿಂದ ಯಾರಿಗೆ ಎಷ್ಟು ಸಲ್ಲಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಕೊಡಲು ಆಗದಿದ್ದರೆ ಯಾವಾಗ ಕೊಡುತ್ತೀರೆಂದು ಹೋಗಿ ಹೇಳಿ ಬನ್ನಿ. ಮಕ್ಕಳೇ, ಬಾಕಿ ಕೇಳಲು ನಿಮ್ಮ ವಯಸ್ಸಿನ ಹುಡುಗನೊಬ್ಬ ಬಾಗಿಲಿಗೆ ಬಂದರೆ ಅವನನ್ನು ಒಳಗೆ ಕರೆದು ಕೂರಿಸಿ, ಅಪ್ಪನನ್ನು ಕೂಗಿ.