ಸವೆದ ಹಂಡೆ, ಉಳಿದ ಬಲ

ನವಲಗುಂದ, ಅಣ್ಣಿಗೇರಿ ಸೀಮೆಯ ಬಚ್ಚಲೊಲೆಯ ತಾಮ್ರದ ಹಂಡೆ ಎಲ್ಲೆಡೆ ಸಮನಾಗಿ ಸವೆಯುವುದಿಲ್ಲ. ಉರಿ ತಾಕುವ ತಳವೇ ಮೊದಲು ತೆಳುವಾಗುತ್ತದೆ. ಕಂಚಗಾರನು ಅದನ್ನು ಬಡಿದು ನಾದ ಆಲಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ತೇಪೆ ಸಾಕೋ ತಳವನ್ನೇ ಬದಲಿಸಬೇಕೋ ಎಂದು ನಿರ್ಣಯಿಸುತ್ತಿದ್ದನು.

ಕಾರ್ಖಾನೆಯ ಒತ್ತಡಪಾತ್ರೆಗಳ ಪರೀಕ್ಷೆಯೂ ಇದೇ ಪ್ರಶ್ನೆಯಿಂದ ಆರಂಭವಾಗುತ್ತದೆ: ಒಂದೆಡೆ ಸವೆದ ಮಾತ್ರಕ್ಕೆ ಇಡೀ ಪಾತ್ರೆ ತ್ಯಾಜ್ಯವೇ? ಅಮೆರಿಕದಲ್ಲಿ 2000ರಲ್ಲಿ ಮೊದಲು ಪ್ರಕಟವಾದ ಎಪಿಐ 579 ಸಂಹಿತೆಯು ಇದಕ್ಕೆ ಕ್ರಮಬದ್ಧ ಉತ್ತರ ನೀಡುತ್ತದೆ. ಉಳಿದ ದಪ್ಪವನ್ನು ಶ್ರವಣಾತೀತ ಧ್ವನಿಯಿಂದ ಅಳೆದು, ಸವೆದ ಭಾಗದ ವಿಸ್ತಾರವನ್ನೂ ಮುಂದಿನ ಸವೆತವನ್ನೂ ಲೆಕ್ಕಹಾಕಿ, ಪಾತ್ರೆ ತಾಳಬಲ್ಲ ಒತ್ತಡವನ್ನು ನಿಶ್ಚಯಿಸಲಾಗುತ್ತದೆ. ಸಾಲದಿದ್ದರೆ ಒತ್ತಡ ತಗ್ಗಿಸಬೇಕು, ದುರಸ್ತಿ ಮಾಡಬೇಕು, ಇಲ್ಲವೇ ಕೈಬಿಡಬೇಕು.

ಹಂಡೆ ಸೋತರೆ ಒಲೆ ಆರುತ್ತದೆ. ಒತ್ತಡಪಾತ್ರೆ ಸಿಡಿದರೆ ಜೀವಗಳೇ ಹೋಗುತ್ತವೆ. ಆದುದರಿಂದ ಅಲ್ಲಿ ಕೈಯ ಅರಿವು ಸಂಶಯವನ್ನು ಎಬ್ಬಿಸಬಹುದು. ತೀರ್ಪು ಮಾತ್ರ ಅಳತೆಯದೇ ಆಗಿರಬೇಕು.