ಅಂಗಡಿ ಮುಚ್ಚದೆ ಗೋದಾಮು ಬದಲಿಸುವ ವಿದ್ಯೆ

ಬೆಳಗಾವಿಯ ರವಿವಾರ ಪೇಟೆಗೆ ಬೆಲ್ಲ, ಅಕ್ಕಿ ತರಲು ಹೋದವರು ಗೋದಾಮಿನ ಮುಖ ನೋಡುವುದೇ ಇಲ್ಲ. ಗಲ್ಲೆಯ ಮುಂದೆ ನಿಂತು ಮಾಲಿನ ಹೆಸರು ಹೇಳಿದರೆ ಸಾಕು. ಅದು ಯಾವ ಗೋದಾಮಿನ ಯಾವ ಮೂಲೆಯಲ್ಲಿದೆ ಎಂಬುದು ವಹಿಯಲ್ಲಿರುತ್ತದೆ. ಹಮಾಲ ಹೋಗಿ ಹೊತ್ತು ತರುತ್ತಾನೆ. ಒಂದು ಗೋದಾಮಿನ ಬಾಗಿಲಲ್ಲಿ ನೂಕುನುಗ್ಗಲಾಗಿ ಇನ್ನೊಂದು ಖಾಲಿ ಬಿದ್ದಿದ್ದರೆ, ಕೆಲವು ಚೀಲಗಳನ್ನು ಅಲ್ಲಿಗೆ ಸಾಗಿಸಿ ವಹಿ ತಿದ್ದಿದರಾಯಿತು. ಗಿರಾಕಿ ಕೇಳುವ ಹೆಸರು ಮಾತ್ರ ಮೊದಲಿನದೇ.

ಕಂಪ್ಯೂಟರಿನ ಡಿಸ್ಕುಗಳ ನಡುವೆಯೂ ಇದೇ ವ್ಯವಹಾರ ನಡೆಯುತ್ತದೆ. ಕಳೆದ ಮಳೆಗಾಲ ಖಾನಾಪುರದ ಗೆಳೆಯರೊಬ್ಬರ ಫೋಟೋ ಸ್ಟುಡಿಯೊದಲ್ಲಿ ಅದನ್ನು ಹತ್ತಿರದಿಂದ ಕಂಡೆ. ಅವರ ಲಿನಕ್ಸ್ ಯಂತ್ರದಲ್ಲಿ ಎರಡು ಹಾರ್ಡ್ ಡಿಸ್ಕುಗಳಿದ್ದವು. ಮದುವೆಗಳ ಕಚ್ಚಾ ವಿಡಿಯೊ, ಎಡಿಟಿಂಗಿನ ತಾತ್ಕಾಲಿಕ ಕಡತ ಎರಡೂ ಹಳೆಯ ಡಿಸ್ಕಿನಲ್ಲೇ. ಹೊಸದು ಬರಿದೆ ತಿರುಗುತ್ತಿತ್ತು. “ಜಾಗಾ ಇನ್ನೂ ಐತಲ್ರೀ, ಮತ್ತ ಯಾಕ ಇಷ್ಟ ನಿಧಾನ?” ಎಂದು ಅವರು ಕೇಳಿದರು.

ಜಾಗ ಬೇರೆ, ಪುರಸೊತ್ತು ಬೇರೆ. ಸಾಮಾನ್ಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ಹಾಕುತ್ತದೆ. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಓದುವ ತೋಳು ಬೇಕಾದ ಪಥಕ್ಕೆ ಸರಿಯಬೇಕು, ಆಮೇಲೆ ಬೇಕಾದ ಜಾಗ ತಿರುಗಿ ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಹಾಗಾಗಿ ಅಲ್ಲಲ್ಲಿ ಚದುರಿದ ಮಾಹಿತಿ ಕೇಳಿದರೆ ಸೆಕೆಂಡಿಗೆ ನೂರು ಬೇಡಿಕೆ ಪೂರೈಸುವುದೂ ಕಷ್ಟ. ಮಿಕ್ಕವು ಸಾಲಿನಲ್ಲಿ ನಿಲ್ಲುತ್ತವೆ. ಡಿಸ್ಕಿಗೆ ಎಷ್ಟು ಹೊತ್ತು ಕೆಲಸವಿದೆ ಎಂದು ತೋರಿಸುವ ‘ಐಒಸ್ಟ್ಯಾಟ್’ ಆಜ್ಞೆ ಕೊಟ್ಟಾಗ ಹಳೆಯದು ಶೇ. 100ರ ಹತ್ತಿರ, ಹೊಸದು ಸೊನ್ನೆ.

ಇಲ್ಲಿ ವಹಿಯ ಕೆಲಸ ಮಾಡುವುದು ಎಲ್‌ವಿಎಂ. ಲಿನಕ್ಸಿಗಾಗಿ ಹೈಂಜ್ ಮೌಲ್ಸ್‌ಹಾಗೆನ್ 1998ರಲ್ಲಿ ಬರೆದ ತಂತ್ರಾಂಶ ಇದು. ಡಿಸ್ಕುಗಳನ್ನು ಸಾಮಾನ್ಯವಾಗಿ 4 ಎಂಬಿಯ ಚೀಲಗಳಾಗಿ ಹಂಚಿ, ಯಾವ ಚೀಲ ಎಲ್ಲಿದೆ ಎಂದು ಬರೆದಿಡುತ್ತದೆ. ಎಡಿಟಿಂಗ್ ತಂತ್ರಾಂಶಕ್ಕೆ ಗೊತ್ತಿರುವುದು ವಿಭಾಗದ ಹೆಸರು ಮಾತ್ರ, ಡಿಸ್ಕಲ್ಲ.

ಮೊದಲು ‘ವಿಜಿಎಕ್ಸ್‌ಟೆಂಡ್’ ಎಂದು ಟೈಪ್ ಮಾಡಿ ಹೊಸ ಡಿಸ್ಕನ್ನು ಹಳೆಯದರ ಬಳಗಕ್ಕೆ ಸೇರಿಸಿದೆವು. ಬಳಿಕ ‘ಪಿವಿಮೂವ್’ ಆಜ್ಞೆಗೆ ಕಚ್ಚಾ ವಿಡಿಯೊ ವಿಭಾಗದ ಹೆಸರು, ಎಲ್ಲಿಂದ, ಎಲ್ಲಿಗೆ ಎಂಬ ಮೂರು ಮಾತು ಕೊಟ್ಟೆವು. ಅದು ಚೀಲ ಕಿತ್ತು ಒಯ್ಯುವುದಿಲ್ಲ. ಮೊದಲು ಹೊಸ ಜಾಗದಲ್ಲಿ ಪಡಿಯಚ್ಚು ತಯಾರಿಸುತ್ತದೆ. ನಡುವೆ ಯಾರಾದರೂ ಕಡತ ತಿದ್ದಿದರೆ ಆ ತಿದ್ದುಪಡಿ ಎರಡೂ ಕಡೆ ಸೇರುತ್ತದೆ. ಎರಡೂ ತದ್ರೂಪವಾದ ಮೇಲಷ್ಟೇ ಹಳೆಯ ಜಾಗವನ್ನು ಬಿಟ್ಟುಕೊಟ್ಟು, ವಹಿಯಲ್ಲಿ ಹೊಸ ವಿಳಾಸ ಬರೆಯುತ್ತದೆ. 500 ಜಿಬಿ ಸರಕು ಸೆಕೆಂಡಿಗೆ 100 ಎಂಬಿಯಂತೆ ಸಾಗಿದರೂ ಒಂದು ಗಂಟೆ ಇಪ್ಪತ್ತಮೂರು ನಿಮಿಷ ಬೇಕು. ಸಾಗಾಟ ನಡೆದಿರುವಾಗಲೇ ಗೆಳೆಯರು ಅದೇ ವಿಡಿಯೊಗಳನ್ನು ಕತ್ತರಿಸಿ ಜೋಡಿಸುತ್ತಲೇ ಇದ್ದರು.

ಅರ್ಧ ದಾರಿಯಲ್ಲಿ ಜೋರು ಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಗೆಳೆಯರ ಮುಖ ಬಿಳಿಚಿತು. ಎಷ್ಟೋ ಮನೆಗಳ ಅಕ್ಷತೆಯ ಗಳಿಗೆ ಅದರಲ್ಲಿತ್ತು. ಆದರೆ ಆಗಾಗ ಹಿಗ್ಗಿಸಿದ್ದರಿಂದ ಆ ವಿಭಾಗ ಹಲವು ತುಂಡುಗಳಲ್ಲಿತ್ತು. ಪಿವಿಮೂವ್ ಒಂದೊಂದು ತುಂಡು ಮುಗಿದಾಗಲೂ ವಹಿಯಲ್ಲಿ ಗುರುತು ಹಾಕುತ್ತದೆ. ಕರೆಂಟ್ ಬಂದ ಮೇಲೆ ಬರೀ ‘ಪಿವಿಮೂವ್’ ಎಂದೆವು. ಮುಗಿದ ತುಂಡುಗಳನ್ನು ಬಿಟ್ಟು ಮುಂದಿನದರಿಂದ ಕೆಲಸ ಹಿಡಿಯಿತು.

ಸಾವಿರಾರು ಡಿಸ್ಕುಗಳ ಡೇಟಾ ಕೇಂದ್ರಗಳಲ್ಲೂ ನಿಯಮ ಇದೇ. 2017ರ ಡಿಸೆಂಬರಿನಲ್ಲಿ ಬಂದ ಹಡೂಪ್ 3.0 ಎಂಬ ತಂತ್ರಾಂಶದಲ್ಲಿ ಒಂದೇ ಯಂತ್ರದ ಡಿಸ್ಕುಗಳನ್ನು ಸರಿದೂಗಿಸುವ ಆಜ್ಞೆಯಿದೆ. ಅದು ಮೊದಲು ಯೋಜನೆ ಬರೆಯುತ್ತದೆ, ಆಮೇಲೆ ಸಾಗಿಸುತ್ತದೆ. ಬೇರೆ ಹೇಳದಿದ್ದರೆ ಸೆಕೆಂಡಿಗೆ 10 ಎಂಬಿಯಷ್ಟೇ ಸಾಗಿಸುತ್ತದೆ, ಗಿರಾಕಿಯ ದಾರಿಗೆ ಅಡ್ಡ ಬಾರದಿರಲೆಂದು.

ಒಂದು ಎಚ್ಚರ ಬೇಕು. ಸ್ಥಳಾಂತರ ಬ್ಯಾಕಪ್ ಅಲ್ಲ. ಕೊನೆಗೆ ಉಳಿಯುವುದು ಒಂದೇ ಪ್ರತಿ. ಅದಕ್ಕೇ ಆ ಸಂಜೆ ಕೆಲಸ ಮುಗಿದೊಡನೆ ಗೆಳೆಯರು ಮೂರನೆಯ ಡಿಸ್ಕೊಂದನ್ನು ಕೊಳ್ಳುವ ಮಾತೆತ್ತಿದರು. ಅದನ್ನು ಸ್ಟುಡಿಯೊದಲ್ಲಲ್ಲ, ಮನೆಯಲ್ಲಿಡಿ ಎಂದು ಹೇಳಿ ಬೆಳಗಾವಿಯ ಬಸ್ ಹಿಡಿದೆ.